ಮತ್ತೆ ಒಂದರಿಂದ

ಎಡಚನ ಮನೆಯ ಗೇಟಿಗೆ ಮುಳ್ಳು ಹಾಕಿ ಒಂಬತ್ತು ದಿನ ಮುಗಿದಿತ್ತು. ಇನ್ನು ಐದು ದಿನ. ಜಾಲಿಯ ಕೊಂಬೆಗಳು ಒಣಗಿ, ಎಲೆ ಉದುರಿ, ಬರೀ ಮುಳ್ಳು ಉಳಿದಿತ್ತು. ಬಾಗಿಲ ಮೇಲೆ ಶಾಲೆಯ ಮೇಷ್ಟ್ರು ಸೀಮೆಸುಣ್ಣದಲ್ಲಿ ಬರೆದ ಬಿಡುಗಡೆಯ ತಾರೀಕು ಮಾತ್ರ ಹಾಗೇ ಇತ್ತು. ಅದು ಅಳಿಸದಂತೆ ನೋಡಿಕೊಂಡವನು ಎಡಚನೇ. ಬಾಗಿಲು ಎಳೆಯುವಾಗ ಅಲ್ಲಿ ಕೈ ತಾಗಿಸಬೇಡವೆಂದು ಹೆಂಡತಿಗೂ ಹೇಳಿದ್ದ.

"ಅದೇನು ದೇವರ ಪಟವಾ, ಮುಟ್ಟದೆ ಇರೋಕೆ?" ಎಂದಿದ್ದಳು ಅವಳು.

"ಅಳಿಸಿದ್ರೆ ನಾವೇ ಅಳಿಸಿದ್ವಿ ಅಂತಾರೆ."

"ಅನ್ನೋರು ಹೇಗಿದ್ರೂ ಅಂತಾರೆ. ಊರ ಬಾಯಿಗೆ ಮುಳ್ಳು ಹಾಕೋಕಾಗುತ್ತಾ?"

ಸುತ್ತಿನ ಆರೇಳು ಊರಿನಲ್ಲಿ ಹಸು ಈಯಲಾರದೆ ಒದ್ದಾಡುತ್ತಿದ್ದರೆ ಜನ ಕರೆಯುತ್ತಿದ್ದುದು ಇವನನ್ನು. ಎಡಗೈ ಒಳಗೆ ಹಾಕಿ ಕರು ತಿರುಗಿಸಿ ತೆಗೆಯುತ್ತಿದ್ದ. ಅದಕ್ಕೇ ಎಡಚ. ಬೇರೆ ಹೆಸರೊಂದಿತ್ತು, ಅದು ರೇಷನ್ ಕಾರ್ಡಿನಲ್ಲಿತ್ತು. ಈ ಕೆಲಸ ಅವನಿಗೆ ತಾಯಿಯಿಂದ ಬಂದದ್ದು. ಅವಳ ಕೈ ಸಣ್ಣದು, ಬೆರಳು ಉದ್ದ. ಗಂಡಸರು ಹಗ್ಗ ಹಿಡಿದು ನಿಲ್ಲುತ್ತಿದ್ದರು, ಅವಳು ಕಣ್ಣು ಮುಚ್ಚಿಕೊಂಡು ಕೈ ಆಡಿಸುತ್ತಿದ್ದಳು. ಇವನಿಗೆ ಕಲಿಸುವಾಗಲೂ ಕಣ್ಣು ಮುಚ್ಚಿಸಿಯೇ ಕಲಿಸಿದ್ದಳು. ಸಾವಿರ ಕರು ತೆಗೆದವನ ಮನೆಯಲ್ಲಿ ಸ್ವಂತದ್ದೊಂದು ಹಸು ಇಲ್ಲವೆಂಬುದು ಹೆಂಡತಿಯ ಹಳೆಯ ದೂರು. "ಸೂಲಗಿತ್ತಿಗೆ ಮಕ್ಕಳೇ ಇಲ್ಲವಂತೆ" ಎಂದು ಹಿತ್ತಿಲ ಕೋಳಿಗಳಿಗೆ ಕಾಳು ಎಸೆಯುತ್ತ ಹೇಳುತ್ತಿದ್ದಳು.

ರೋಗ ಹಬ್ಬಿ ಎಲ್ಲ ಮುಚ್ಚುವ ಹೊತ್ತಿಗೆ ಎಡಚ ದೂರದ ಒಂದು ಹಾಲಿನ ಫಾರಮ್ಮಿನಲ್ಲಿದ್ದ. ಈಯುವ ಕಾಲವೆಂದು ಅವರು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದರು. ಬಸ್ಸು ನಿಂತವು. ಮೂರು ದಿನ ಹೊಲದ ಬದುವಿನಲ್ಲೇ ನಡೆದು ಊರು ಮುಟ್ಟಿದಾಗ ಊರ ಬಾಗಿಲಿಗೆ ಅಡ್ಡ ಮರ ಬಿದ್ದಿತ್ತು. ಮರದ ಆಚೆ ಅಧ್ಯಕ್ಷರು ಕುರ್ಚಿ ಹಾಕಿಕೊಂಡು ಕೂತಿದ್ದರು. ಇಪ್ಪತ್ತು ವರ್ಷದಿಂದ ಹಾಲಿನ ಸಂಘದ ಅಧ್ಯಕ್ಷರು. ಕಾವಲು ಸಮಿತಿಯಾದಾಗ ಅದಕ್ಕೂ ಅವರೇ ಆದರು. ಊರಿನವನೆಂದು ಒಳಗೆ ಬಿಟ್ಟರು. ಆದರೆ ಹದಿನಾಲ್ಕು ದಿನ ಗಂಡ ಹೆಂಡತಿ ಇಬ್ಬರೂ ಮನೆ ಬಿಟ್ಟು ಕದಲಬಾರದು, ಅವರ ಗೇಟಿನ ಒಳಗೆ ಯಾರೂ ಹೋಗಬಾರದು.

ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಕೆಳಗಿನ ಊರಿನಲ್ಲಿ ಒಬ್ಬ ಪೇಟೆಯಿಂದ ಬಂದವನು ತಂಗಿಯ ಕೂಸನ್ನು ನೋಡಿಬರುತ್ತೇನೆಂದು ಹೋದ. ಹದಿನೈದು ದಿನದಲ್ಲಿ ಆ ಬೀದಿಯಲ್ಲಿ ಏಳು ಜನ ಸತ್ತರು. ಕೂಸಿನ ಅಜ್ಜ ಅಜ್ಜಿ ಒಂದೇ ದಿನ. ಆ ಸುದ್ದಿ ಬಂದ ಮೇಲೆ ಅಧ್ಯಕ್ಷರು ತಮ್ಮ ಸ್ವಂತ ಮಗಳು ಅಳಿಯ ಬಂದಾಗಲೂ ಅಡ್ಡಮರ ಎತ್ತಲಿಲ್ಲ. ಮಗಳು ಆಚೆ ನಿಂತು ಅತ್ತಳು, ಇವರು ಈಚೆ ನಿಂತು ತಲೆ ತಗ್ಗಿಸಿದರು, ಬುತ್ತಿಯ ಗಂಟನ್ನು ಕೋಲಿನ ತುದಿಯಿಂದ ಅತ್ತ ತಳ್ಳಿದರು. ಇಡೀ ಊರು ಅದನ್ನು ನೋಡಿತ್ತು. ಹಾಗಾಗಿ ಅವರ ಮಾತಿಗೆ ಎದುರಾಡಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಎಡಚನ ತಾಯಿ ಇವನ ಬೀದಿಯಲ್ಲೇ, ನಾಲ್ಕು ಮನೆ ಆಚೆ, ಅಣ್ಣನ ಮನೆಯಲ್ಲಿದ್ದಳು. ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಈ ರೋಗವಲ್ಲ, ವಯಸ್ಸು. ಎದೆಯಲ್ಲಿ ಸದಾ ಗೊರಗೊರ. ಕಿವಿ ಮೊದಲೇ ಮಂದ. ಫೋನು ಕಿವಿಗೆ ಹಿಡಿದರೆ "ಯಾರು, ಯಾರು" ಎಂದು ಎರಡು ಸಲ ಕೇಳಿ ಸೊಸೆಯ ಕೈಗೆ ಕೊಟ್ಟುಬಿಡುತ್ತಿದ್ದಳು. ದಿನಾ ಸಂಜೆ ಎಡಚ ಅಣ್ಣನಿಗೆ ಫೋನು ಮಾಡಿ ಒಂದೇ ಮಾತು ಕೇಳುತ್ತಿದ್ದ.

"ನೀರು ಕುಡೀತಾಳಾ?"

"ಕುಡೀತಾಳೆ. ನಿನ್ನನ್ನೇ ಕೇಳ್ತಾಳೆ. ಇನ್ನೂ ಬರ್ಲಿಲ್ವಾ, ಇನ್ನೂ ಬರ್ಲಿಲ್ವಾ ಅಂತ. ಏನು ಹೇಳ್ಲಿ ನಾನು?"

"ಮಂಗಳವಾರ ಬರ್ತೀನಿ ಅಂತ ಹೇಳು."

ಮಲಗಿದ ಮುದಿ ದನಗಳನ್ನು ಬಹಳ ನೋಡಿದ್ದ ಅವನು. ನೀರು ಬಿಟ್ಟ ಮೇಲೆ ಮೂರು ದಿನ, ಅಷ್ಟೆ. ಕುಡಿಯುತ್ತಿರುವವರೆಗೆ ಭಯವಿಲ್ಲ. ತಾಯಿಯ ವಿಷಯದಲ್ಲಿ ಇಂಥ ಲೆಕ್ಕ ಹಾಕುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ.

ಎರಡನೆಯ ದಿನವೇ ಅವನು ಗೇಟಿನ ಬಳಿ ನಿಂತು ಅಧ್ಯಕ್ಷರನ್ನು ಕೇಳಿದ್ದ. "ಕಿಟಕಿ ಆಚೆಯಿಂದ, ಹತ್ತೇ ನಿಮಿಷ. ಒಳಗೆ ಕಾಲಿಡಲ್ಲ."

"ಆಗಲ್ಲಪ್ಪ. ನಿನಗೆ ಬಿಟ್ಟರೆ ನಾಳೆ ಇನ್ನೊಬ್ಬನಿಗೆ ಬಿಡಬೇಕು. ನನ್ನ ಮಗಳನ್ನೇ ಬಿಡಲಿಲ್ಲ."

ಐದನೆಯ ದಿನ ಮತ್ತೆ ಕೇಳಿದ. ಅದೇ ಉತ್ತರ. ಆ ಮೇಲೆ ಕೇಳುವುದನ್ನು ಬಿಟ್ಟು, ಸೀಮೆಸುಣ್ಣದ ತಾರೀಕನ್ನು ಕಾಯತೊಡಗಿದ.

ಹತ್ತನೆಯ ದಿನ ಬೆಳಗ್ಗೆ, ಬೀದಿಗೆ ಇನ್ನೂ ಬಿಸಿಲು ಇಳಿದಿರಲಿಲ್ಲ, ಅಧ್ಯಕ್ಷರೇ ಗೇಟಿನ ಹತ್ತಿರ ಬಂದು ನಿಂತರು. ಮುಖಕ್ಕೆ ಟವೆಲು ಸುತ್ತಿದ್ದರು. ಅಂಗಳ ಗುಡಿಸುತ್ತಿದ್ದ ಎಡಚನ ಹೆಂಡತಿ ಪೊರಕೆ ಹಿಡಿದೇ ಸೊಂಟ ನೆಟ್ಟಗೆ ಮಾಡಿದಳು.

"ಏನು ಅಧ್ಯಕ್ಷರೇ, ದಾರಿ ತಪ್ಪಿತಾ? ಇದು ಸೋಂಕಿನ ಮನೆ."

"ಬಾಯಿ ಆಮೇಲೆ ಆಡಮ್ಮ. ಎಲ್ಲಿ ಅವನು?"

ಎಡಚ ಹೊರಗೆ ಬಂದ. ಅಧ್ಯಕ್ಷರ ಕಣ್ಣು ಕೆಂಪಾಗಿತ್ತು, ಪಂಚೆಗೆ ಸಗಣಿ ಮೆತ್ತಿತ್ತು.

"ಕೆಂದ ಹಸು ಕಣೋ. ನಿನ್ನೆ ಸಂಜೆಯಿಂದ ಈಯೋಕೆ ಮುಕ್ಕುತ್ತಾ ಇದೆ. ಕರುವಿನ ಒಂದು ಕಾಲು ಆಚೆ ಬಂದು ನಿಂತುಬಿಟ್ಟಿದೆ."

"ಡಾಕ್ಟ್ರು?"

"ಅವರ ಊರೇ ಮುಚ್ಚಿದೆ. ಫೋನಲ್ಲಿ ಹೇಳ್ತಾರೆ, ಕೈ ಹಾಕಿ ನೋಡಿ ಅಂತ. ಯಾರ ಕೈ ಹಾಕ್ಲಿ? ನನ್ನ ಮಗ ಹಾಕ್ದ, ಎರಡು ನಿಮಿಷಕ್ಕೆ ಬೆವತು ಎದ್ದು ಬಂದ."

"ಗೊರಸಿನ ತಳ ಮೇಲಕ್ಕಿದೆಯಾ, ಕೆಳಕ್ಕಾ?"

"ಕೆಳಕ್ಕೆ."

"ಮುಂಗಾಲು ಹಾಗಾದ್ರೆ. ಮೂತಿ ಕಾಣುತ್ತಾ?"

"ಇಲ್ಲ."

ಕತ್ತು ಹಿಂದಕ್ಕೆ ಮಡಚಿಕೊಂಡಿದೆ. ಎಡಚನ ಎಡಗೈ ಬೆರಳುಗಳು ತಾವಾಗಿಯೇ ಅಲ್ಲಾಡಿದವು. ಅವನು ಆ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ನಾನು ಹೇಗೆ ಬರಲಿ? ಮುಳ್ಳು ಹಾಕಿದ್ದೀರಲ್ಲ."

"ನಾನೇ ತೆಗೀತೀನಿ."

"ನಾಳೆ ಇನ್ನೊಬ್ಬನಿಗೂ ತೆಗೀಬೇಕಾಗುತ್ತಲ್ಲ, ಅಧ್ಯಕ್ಷರೇ" ಎಂದಳು ಹೆಂಡತಿ.

ಅಧ್ಯಕ್ಷರು ಅವಳ ಕಡೆ ನೋಡಲಿಲ್ಲ. "ಮೂಕಪ್ರಾಣಿ ಕಣೋ. ಅದಕ್ಕೆ ನಮ್ಮ ನಿಯಮ ಗೊತ್ತಾ? ಸಾಯುತ್ತೆ."

ಎಡಚ ನಾಲ್ಕು ಮನೆ ಆಚೆಗೆ ಕಣ್ಣು ಹಾಯಿಸಿದ. ಆಮೇಲೆ, "ಅವ್ವನ ಕಿಟಕಿ. ಹತ್ತು ನಿಮಿಷ" ಎಂದ.

"ಆಯ್ತು."

"ಎಲ್ಲರೆದುರೂ ಹೇಳ್ಬೇಕು, ನೀವೇ ಬಿಟ್ಟಿದ್ದು ಅಂತ."

"ಆಯ್ತು ಅಂದ್ನಲ್ಲ. ಮೊದಲು ಅಲ್ಲಿಗೆ ಹೋಗ್ತೀಯಾ, ಮೊದಲು ಹಸುವಾ?"

ಹೀಗೆ ಕೇಳಿದ್ದು ಅಧ್ಯಕ್ಷರ ಒಳ್ಳೆಯತನವೋ ಜಾಣತನವೋ ಎಡಚನಿಗೆ ಕೊನೆವರೆಗೂ ತಿಳಿಯಲಿಲ್ಲ. ಒಂದು ಕಾಲು ಆಚೆ ಬಂದು ರಾತ್ರಿ ಕಳೆದಿದೆ. ಒಳಗಿನ ನೀರು ಬತ್ತಿರುತ್ತದೆ. ಕಾಯುವ ಹಾಗಿಲ್ಲ. ಅವ್ವ ನೀರು ಕುಡಿಯುತ್ತಿದ್ದಾಳೆ.

"ಹಸು" ಎಂದ.

ಹೆಂಡತಿ ಪೊರಕೆಯನ್ನು ನೆಲಕ್ಕೆ ಎಸೆದಳು. "ಇನ್ನೈದು ದಿನ ಇತ್ತು ಕಣ್ರೀ" ಎಂದಳು. ಅವನು ಆಗಲೇ ಗೂಡಿನಿಂದ ಹಗ್ಗ ತೆಗೆದು ಹೆಗಲಿಗೆ ಹಾಕಿದ್ದ.

ಕೆಂದ ಹಸು ಕೊಟ್ಟಿಗೆಯಲ್ಲಿ ಅಡ್ಡ ಬಿದ್ದಿತ್ತು. ಮುಕ್ಕುವ ಶಕ್ತಿಯೂ ಕುಂದಿತ್ತು. ಎಡಚ ಉಗುರು ಕತ್ತರಿಸಿಕೊಂಡ, ಭುಜದವರೆಗೆ ಸೋಪು ಹಚ್ಚಿ ತೊಳೆದ, ಎಣ್ಣೆ ಬಳಿದುಕೊಂಡ. ಅಧ್ಯಕ್ಷರು, ಅವರ ಮಗ, ಎದುರುಮನೆ ಬಡಗಿ ಮೂವರೂ ಗೋಡೆಗೆ ಅಂಟಿ ನಿಂತಿದ್ದರು, ಮೂವರ ಮುಖಕ್ಕೂ ಟವೆಲು. ಒಬ್ಬರಿಂದೊಬ್ಬರಿಗೆ ಎರಡೆರಡು ಮಾರು ದೂರ.

ಅವನು ಮಂಡಿಯೂರಿ, ಕಣ್ಣು ಮುಚ್ಚಿ, ಎಡಗೈ ಒಳಗೆ ಹಾಕಿದ. ಕಾಲನ್ನು ಹಿಡಿದು ಹೋದರೆ ಭುಜ, ಭುಜದಿಂದ ಕತ್ತು. ಕತ್ತು ಹಿಂದಕ್ಕೆ ತಿರುಗಿ ಪಕ್ಕೆಗೆ ಒತ್ತಿಕೊಂಡಿತ್ತು. ಕಣ್ಣಿನ ಗುಳಿ ಸಿಕ್ಕಿತು. ಮೆಲ್ಲಗೆ ಒತ್ತಿದ. ರೆಪ್ಪೆ ಮಿಡಿಯಿತು.

"ಜೀವ ಇದೆ."

ಅಧ್ಯಕ್ಷರು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

ಹಸು ಮುಕ್ಕಿದಾಗ ಕೈ ನಿಲ್ಲಿಸಬೇಕು, ಮೂಳೆಯ ನಡುವೆ ಸಿಕ್ಕರೆ ಕೈಯೇ ಮುರಿಯುತ್ತದೆ. ಮುಕ್ಕು ನಿಂತಾಗ ಕರುವನ್ನು ಒಳಕ್ಕೆ ತಳ್ಳಿ ಜಾಗ ಮಾಡಬೇಕು. ತಳ್ಳಿದ, ಕಾದ, ತಳ್ಳಿದ. ಬಾಯಿಯ ಮೂಲೆಗೆ ಬೆರಳು ಕೊಕ್ಕೆ ಹಾಕಿ ಎಳೆದ. ಎರಡು ಸಲ ಜಾರಿತು. ಕೈ ಮರಗಟ್ಟಿತು. ಹೊರಗೆ ತೆಗೆದು ಕೊಡವಿ ಮತ್ತೆ ಹಾಕಿದ. ಮೂರನೆಯ ಸಲ ಮೂತಿ ತಿರುಗಿ ಅವನ ಅಂಗೈಯೊಳಕ್ಕೆ ಬಂದು ಕೂತಿತು. ಕಿವಿಯ ಹಿಂದೆ ಹಗ್ಗದ ಕುಣಿಕೆ ಹಾಕಿದ. ಮಡಚಿದ್ದ ಇನ್ನೊಂದು ಕಾಲಿನ ಗೊರಸನ್ನು, ಗರ್ಭಕ್ಕೆ ಗೀರದಂತೆ, ಬೊಗಸೆಯಲ್ಲಿ ಮುಚ್ಚಿಕೊಂಡು ಎಳೆದು ತಂದ.

"ಬನ್ನಿ, ಹಗ್ಗ ಹಿಡೀರಿ. ನಾನು ಅಂದಾಗ ಎಳೀಬೇಕು. ಕೆಳಮುಖಕ್ಕೆ."

ಮೂವರೂ ಬಂದರು. ಭುಜಕ್ಕೆ ಭುಜ ತಾಗಿತು. ಬಡಗಿಯ ಟವೆಲು ಜಾರಿ ಕತ್ತಿಗೆ ಬಿತ್ತು. ಅಧ್ಯಕ್ಷರು ತಮ್ಮದನ್ನು ಕಿತ್ತು ಕೈಗೆ ಸುತ್ತಿಕೊಂಡರು, ಹಗ್ಗ ಜಾರದಿರಲೆಂದು. "ಈಗ!" ಎಂದಾಗ ನಾಲ್ಕೂ ಜನ ಒಂದೇ ಉಸಿರಿನಲ್ಲಿ ಎಳೆದರು, ಒಬ್ಬರ ಬೆವರು ಇನ್ನೊಬ್ಬರ ಬೆನ್ನಿಗೆ, ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ. "ಬಿಡಿ... ಈಗ! ಇನ್ನೊಂದು ಸಲ, ನಿಮ್ಮಜ್ಜಿ ಗಂಟು ಹೋಗುತ್ತಾ, ಎಳೀರಿ!" ತಲೆ ಬಂತು, ಭುಜ ಬಂತು, ಆಮೇಲೆ ಉಳಿದದ್ದೆಲ್ಲ ಒಂದೇ ಸಲ ಜಾರಿ ಹುಲ್ಲಿನ ಮೇಲೆ ಬಿತ್ತು. ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದರು.

ಕರು ಅಲ್ಲಾಡಲಿಲ್ಲ. ಎಡಚ ಅದರ ಮೂಗು ಬಾಯಿ ಒರೆಸಿ, ಒಂದು ಹುಲ್ಲುಕಡ್ಡಿ ಎತ್ತಿ ಮೂಗಿನ ಹೊಳ್ಳೆಯೊಳಗೆ ಆಡಿಸಿದ.

ಕರು ಸೀನಿತು.

ಸೀನಿದ್ದೇ ತಡ, ಎಲ್ಲರಿಗೂ ನೆನಪಾಯಿತು. ಬಡಗಿ ಟವೆಲು ಮೇಲಕ್ಕೆಳೆದುಕೊಂಡು ಬಾಗಿಲಿಗೆ ಹೋದ. ಅಧ್ಯಕ್ಷರ ಮಗ ಬಚ್ಚಲ ಕಡೆಗೆ ಓಡಿದ. ಎಡಚ ಒಬ್ಬನೇ ಹುಲ್ಲಿನ ಮೇಲೆ ಕೂತಿದ್ದ, ಮೊಣಕೈವರೆಗೆ ನೆತ್ತರು, ಕರುವಿನ ಬೆನ್ನು ಉಜ್ಜುತ್ತ. ಹಸು ಕತ್ತು ತಿರುಗಿಸಿ ಮೊದಲು ಅವನ ಕೈ ನೆಕ್ಕಿತು, ಆಮೇಲೆ ಕರುವನ್ನು.

"ಹೆಣ್ಣು" ಎಂದ.

"ನಿನ್ನ ಕೈಗೆ ಬಂಗಾರ ಹಾಕ್ಬೇಕು ಕಣೋ" ಎಂದರು ಅಧ್ಯಕ್ಷರು, ದೂರದಿಂದ.

ಅಷ್ಟರಲ್ಲಿ ಮೇಷ್ಟ್ರು ಬಂದಿದ್ದರು. ಕೈಯಲ್ಲಿ ಸಮಿತಿಯ ನೋಟ್‌ಬುಕ್ಕು. ಅವರು ಕೆಟ್ಟವರಲ್ಲ, ಬರೆಯಬೇಕಾದ್ದನ್ನು ಬರೆಯದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

"ಹತ್ತನೇ ದಿನ ಹೊರಗೆ ಬಂದಿದ್ದಾನೆ. ಮೂರು ಜನರ ಜೊತೆ ಸೇರಿದ್ದಾನೆ. ನಾವೇ ಬರೆದ ನಿಯಮದ ಪ್ರಕಾರ ಮತ್ತೆ ಒಂದರಿಂದ ಎಣಿಸ್ಬೇಕು" ಎಂದರು.

"ಅವನು ನಮ್ಮ ಜೊತೆ ಸೇರಿದ್ನಾ, ನಾವು ಅವನ ಜೊತೆ ಸೇರಿದ್ವಾ, ಮೇಷ್ಟ್ರೇ?" ಎಂದ ಬಡಗಿ, ನಗುತ್ತ.

"ಹಾಗಾದ್ರೆ ನಿಮ್ಮ ಮೂವರ ಬಾಗಿಲ ಮೇಲೂ ಬರೀಲಾ?"

ಬಡಗಿಯ ನಗು ನಿಂತಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ನಾವು ಸೋಪು ಹಾಕಿ ಸ್ನಾನ ಮಾಡ್ತೀವಿ. ಹಾಲು ಅಳೆಸೋರು ಯಾರು, ಅಡ್ಡಮರ ಕಾಯೋರು ಯಾರು? ಊರು ನಡೀಬೇಕಲ್ಲ." ಆಮೇಲೆ ಎಡಚನ ಕಡೆ ತಿರುಗಿ, "ನೀನು ಹೇಗಿದ್ರೂ ಮನೇಲೇ ಇರೋನು" ಎಂದರು.

ಎಡಚ ಕೈ ತೊಳೆಯುತ್ತಿದ್ದ. ಹದಿನಾಲ್ಕು ದಿನ ಎಂಬುದು ಅವನ ತಲೆಗೆ ಆಗ ಸರಿಯಾಗಿ ಹೋಗಲೇ ಇಲ್ಲ. "ಕಿಟಕಿ" ಎಂದಷ್ಟೇ ಹೇಳಿದ.

"ಮಾತು ಮಾತೇ. ನಡಿ."

ಅಧ್ಯಕ್ಷರು ಮುಂದೆ, ಇಪ್ಪತ್ತು ಹೆಜ್ಜೆ ಹಿಂದೆ ಎಡಚ. ಸುದ್ದಿ ಅವರಿಗಿಂತ ಮೊದಲೇ ಬೀದಿ ದಾಟಿತ್ತು. ಬಾಗಿಲುಗಳಲ್ಲಿ ತಲೆಗಳು ಕಂಡವು, ಅವನು ಹತ್ತಿರವಾದಂತೆ ಒಳಕ್ಕೆ ಹೋದವು.

ಅಣ್ಣನ ಮನೆಯ ಪಕ್ಕದ ಓಣಿಗೆ ಅವ್ವನ ಕಿಟಕಿ. ತೆರೆದಿತ್ತು. ಮಂಚದ ಕಾಲು, ಕಂಬಳಿಯ ಒಂದು ಮಡಿಕೆ, ಗೋಡೆಯ ಗೂಟಕ್ಕೆ ತೂಗುಹಾಕಿದ ಅವಳ ಸೀರೆ ಕಂಡವು. ಎಡಚ ಇನ್ನೂ ಐದಾರು ಹೆಜ್ಜೆ ದೂರವಿದ್ದಾಗಲೇ ಅಣ್ಣ ಕಿಟಕಿಗೆ ಬಂದು ಅಡ್ಡ ನಿಂತ.

"ಅಲ್ಲೇ ನಿಲ್ಲೋ."

"ಅಧ್ಯಕ್ಷರು ಬಿಟ್ಟಿದ್ದಾರಣ್ಣ. ಹತ್ತು ನಿಮಿಷ."

"ಅವರು ಬಿಡೋಕೆ ಇದು ಅವರ ಮನೆಯಾ? ಈಗ ತಾನೆ ಮೂರು ಜನರ ಮೈಮೇಲೆ ಬಿದ್ದು ಬಂದಿದ್ದೀಯ. ಆ ಬಡಗಿ ದಿನಾ ಅಡ್ಡಮರದ ಹತ್ರ ಬಂದೋರನ್ನೆಲ್ಲ ಮಾತಾಡಿಸ್ತಾನೆ. ಅವ್ವನ ಎದೆ ಮೊದಲೇ ಗೊರಗೊರ ಅಂತಿದೆ. ಒಳಗೆ ಮಕ್ಕಳಿದ್ದಾವೆ."

"ಹತ್ರ ಬರಲ್ಲ. ಇಲ್ಲಿಂದಲೇ ನೋಡ್ತೀನಿ. ನೀನು ಸ್ವಲ್ಪ ಪಕ್ಕಕ್ಕೆ ಸರಿ."

ಅಣ್ಣ ಸರಿಯಲಿಲ್ಲ. "ಒಂಬತ್ತು ದಿನ ಮುಗಿಸಿದ್ದೆ. ಇನ್ನೈದು ದಿನ ಬಿಟ್ಟು ಮುಂಬಾಗಿಲಲ್ಲೇ ಬರಬಹುದಾಗಿತ್ತು. ಯಾರದೋ ಹಸುಗೋಸ್ಕರ ಎಲ್ಲಾ ಹಾಳು ಮಾಡ್ಕೊಂಡೆ."

"ಇದಕ್ಕೋಸ್ಕರ ಹೋಗಿದ್ದು. ಈ ಹತ್ತು ನಿಮಿಷಕ್ಕೆ."

"ಹಾಗಂತ ಈಗ ಹೇಳು. ಹಸು ಅಂದ್ರೆ ನಿನಗೆ ಕೈ ನಿಲ್ಲಲ್ಲ, ನನಗೆ ಗೊತ್ತಿಲ್ವಾ."

ಎಡಚ ತನ್ನ ಎಡಗೈ ನೋಡಿಕೊಂಡ. ಬೆಳಗ್ಗೆ ಬೆರಳುಗಳು ತಾವಾಗಿಯೇ ಆಡಿದ್ದವು.

ಒಳಗಿನಿಂದ ಅವ್ವನ ದನಿ ಕೇಳಿತು, ಅವನು ಎಣಿಸಿದ್ದಕ್ಕಿಂತ ತೆಳ್ಳಗೆ. "ಯಾರದು? ಕಿಟಕಿ ಹತ್ರ ಯಾರು?"

"ಯಾರೂ ಇಲ್ಲ ಅತ್ತೆ, ಹಸು ವಿಷಯ ಕೇಳೋಕೆ ಬಂದಿದ್ದಾರೆ" ಎಂದು ಅತ್ತಿಗೆ ಅವಳ ಕಿವಿಗೆ ಕೂಗಿ ಹೇಳಿದಳು.

"ಅವ್ವಾ!" ಎಂದ ಎಡಚ. ಮಂದ ಕಿವಿಗೆ ಮುಟ್ಟುವಷ್ಟು ಜೋರಾಗಿ ಕೂಗಬೇಕಿತ್ತು. ಕೂಗಿದರೆ ಬಾಯಿಯಿಂದ ಉಗುಳು ಹಾರುತ್ತದೆ, ರೋಗ ಅದರಲ್ಲೇ ಇರುವುದೆಂದು ಎಲ್ಲರೂ ಹೇಳುತ್ತಿದ್ದರು. ದನಿ ಅರ್ಧಕ್ಕೇ ನಿಂತಿತು. ಅಣ್ಣ ಎರಡೂ ಕೈಯಿಂದ ಕಿಟಕಿಯ ಬಾಗಿಲು ಎಳೆದುಕೊಂಡ. ಚಿಲಕ ಬಿತ್ತು.

ಅಧ್ಯಕ್ಷರು ಓಣಿಯ ತುದಿಯಲ್ಲಿ ನೆಲ ನೋಡುತ್ತ ನಿಂತಿದ್ದರು. "ನಾನು ಮಾತು ತಪ್ಪಲಿಲ್ಲ ಕಣೋ" ಎಂದರು. ಎಡಚ ಅವರನ್ನು ದಾಟಿ ಹೋಗುವಾಗ ಎರಡು ಹೆಜ್ಜೆ ಹಿಂದೆ ಸರಿದರು.

ಮಧ್ಯಾಹ್ನ ಮೇಷ್ಟ್ರು ಬಂದು ಹಳೆಯ ತಾರೀಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದನ್ನು ಬರೆದರು. ಹೊಸ ಜಾಲಿ ಕೊಂಬೆ ಬಂತು, ಹಸಿರೆಲೆ ಸಮೇತ. ಸಂಜೆ ಅಧ್ಯಕ್ಷರ ಮನೆಯಿಂದ ಒಂದು ಚೊಂಬು ಗಿಣ್ಣದ ಹಾಲು ಬಂತು, ಕೋಲಿನ ತುದಿಯಲ್ಲಿ. ಎಡಚನ ಹೆಂಡತಿ ಅದನ್ನು ಕೋಳಿಗಳ ಮುಂದೆ ಸುರಿದಳು. ಆ ದಿನದಿಂದ ಎಡಚ ಅಣ್ಣನಿಗೆ ಫೋನು ಮಾಡಲಿಲ್ಲ, ಅಣ್ಣನೂ ಮಾಡಲಿಲ್ಲ. ಅವ್ವ ನೀರು ಬಿಟ್ಟದ್ದು ಅವನಿಗೆ ಗೊತ್ತಾಗಲಿಲ್ಲ.

ಹೊಸ ಎಣಿಕೆಯ ಏಳನೆಯ ದಿನ ಬೆಳಗ್ಗೆ ನಾಲ್ಕು ಮನೆ ಆಚೆ ಅಳು ಕೇಳಿತು. ಹಳೆಯ ಎಣಿಕೆಯೇ ಇದ್ದಿದ್ದರೆ ಹಿಂದಿನ ದಿನ ಬೆಳಗ್ಗೆಯೇ ಮುಳ್ಳು ತೆಗೆದಿರುತ್ತಿದ್ದರು. ಪೂರ್ತಿ ಒಂದು ಹಗಲು, ಒಂದು ರಾತ್ರಿ.

ಹೆಣ ಹೊರಲು ಐದು ಜನಕ್ಕೆ ಮಾತ್ರ ಅಪ್ಪಣೆ. ಅಣ್ಣ, ಅಣ್ಣನ ಮಾವ, ಅಧ್ಯಕ್ಷರು, ಅಧ್ಯಕ್ಷರ ಮಗ, ಬಡಗಿ. ಎಡಚ ಗೋಡೆಯ ಮೇಲಿಂದ ಕತ್ತು ಚಾಚಿ ನೋಡಿದ. ಭುಜಕ್ಕೆ ಭುಜ ತಾಗಿಸಿಕೊಂಡು ಅವರು ತಿರುವು ದಾಟಿದರು. ಅವ್ವನ ಮುಖ ಇನ್ನೊಂದು ಕಡೆಗಿತ್ತು.

"ಹಗ್ಗ ಎಳೆದೋರು ಮೂವರೂ ಇದ್ದಾರೆ" ಎಂದಳು ಹೆಂಡತಿ.

ಊರಿನಲ್ಲಿ ಯಾರಿಗೂ ರೋಗ ಬರಲಿಲ್ಲ. ನಿಯಮ ಬಿಗಿಯಾಗಿದ್ದುದರಿಂದಲೇ ಊರು ಉಳಿಯಿತೆಂದು ಎಲ್ಲರೂ ಹೇಳಿದರು. ಸುಳ್ಳೆಂದು ಹೇಳಲು ಎಡಚನ ಬಳಿಯೂ ಏನೂ ಇರಲಿಲ್ಲ.

ಹದಿನೈದನೆಯ ಬೆಳಗ್ಗೆ ಬಡಗಿ ಬಂದು ಮುಳ್ಳು ಎಳೆದು ಹಾಕಿದ. "ನಮ್ಮ ಹಸೂನೂ ಈ ವಾರ ಈಯೋ ಹಾಗಿದೆ" ಎಂದ, ಅವನ ಮುಖ ನೋಡದೆ.

"ಕರೀರಿ, ಬರ್ತೀನಿ."

ಎಡಚ ಹೋದಾಗ ಅಣ್ಣ ತನ್ನ ಮನೆಯ ಜಗಲಿಯಲ್ಲಿ ಕೂತಿದ್ದ. ಎದ್ದು ಜಾಗ ಬಿಟ್ಟ. ಇಬ್ಬರೂ ಬೀದಿ ನೋಡುತ್ತ ಕೂತರು. ಅತ್ತಿಗೆ ನೀರು ತಂದಿಟ್ಟು ಒಳಗೆ ಹೋದಳು.

"ಕಿಟಕಿ ಹತ್ರ ಬಂದೋನು ಯಾರು ಅಂತ ಕೇಳ್ತಾನೇ ಇದ್ಲು" ಎಂದ ಅಣ್ಣ. "ಎರಡು ದಿನ ಸುಮ್ಮನಿದ್ದೆ. ಆಮೇಲೆ ಹೇಳಿದೆ, ಅವನೇ, ಅಧ್ಯಕ್ಷರ ಹಸು ಈದಿದೆ, ಅದಕ್ಕೆ ಹೋಗಿದ್ದ ಅಂತ. ಕರು ಬದುಕಿದೆಯಾ ಅಂದ್ಲು. ಬದುಕಿದೆ ಅಂದೆ. ಹಾಗಾದ್ರೆ ಕೈ ತೊಳ್ಕೊಂಡು ಬರ್ತಾನೆ, ಬಾಗಿಲು ತೆಗೆದಿಡು ಅಂದ್ಲು."

ಎಡಚ ನೀರಿನ ಲೋಟ ಕೆಳಗಿಟ್ಟ.

"ತೆಗೆದಿಟ್ಟಿದ್ಯಾ?"

ಅಣ್ಣ ಲೋಟವನ್ನು ಗೋಡೆಯ ಕಡೆಗೆ ಸರಿಸಿದ.

"ಸೊಳ್ಳೆ ಬರ್ತಾವೆ ಅಂತ ನಿಮ್ಮತ್ತಿಗೆ ಮುಚ್ಚಿದ್ಲು" ಎಂದ.